ಗಿಳಿಗೆ ಬಿಟ್ಟ ಜಾಗ

"ನನ್ನ ಅಳಿಯನ ತಲಿ ಮ್ಯಾಲ ಕರೆಂಟಿನ ಕಂಬ ನೆಟ್ಟೀದಿ. ಬೀಗತಿ ಹಿಂದ ಎಮ್ಮಿ ನಿಲ್ಲಿಸೀದಿ. ಮದುವಿ ಫೋಟೋ ತೆಗಿ ಅಂದ್ರ ಊರಿನ ನಕ್ಷಾ ತೆಗದೀಯಲ್ಲೋ."

ಮಳಖೇಡದ ಸಾವಕಾರ ಜಗದೇವಪ್ಪ ಆಲ್ಬಮ್ ಎತ್ತಿ ಹಿಡಿದು ಹೀಗೆಂದಾಗ, ಸೇಡಂ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಜಿಲಾನಿಯ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ತಲೆ ಬಾಚಿಕೊಳ್ಳುತ್ತಿದ್ದ ಏಳು ಜನ ಬಾಚಣಿಗೆ ನಿಲ್ಲಿಸಿ ನೋಡಿದರು. ಕಂಬ ನಿಜಕ್ಕೂ ಅಳಿಯನ ನೆತ್ತಿಯಿಂದಲೇ ಎದ್ದಿತ್ತು, ಎರಡು ತಂತಿಗಳ ಸಮೇತ.

ಆ ಫೋಟೋ ತೆಗೆದಿದ್ದ ಅಬ್ರಾರನ ಕಿವಿ ಕಾದ ಹಂಚಾದವು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು, ನಾಲ್ಕು ವರ್ಷ ಮದುವೆಗಳಲ್ಲಿ ಲೈಟು ಹಿಡಿದು, ಮೊದಲ ಬಾರಿಗೆ ಅವನ ಕೈಗೆ ಕ್ಯಾಮೆರಾ ಬಂದಿದ್ದೇ ಈ ಮದುವೆಯಲ್ಲಿ. ಬೈಯಲು ಬಾಯಿ ತೆರೆದ. ಜಿಲಾನಿ ಮೇಜಿನ ಕೆಳಗೆ ಅವನ ಕಾಲು ತುಳಿದ.

"ಆದದ್ದು ಆತು," ಎಂದ ಜಗದೇವಪ್ಪ. "ನಮ್ಮ ಜ್ವಾಳದ ಹೊಲಕ್ಕ ಗಿಳಿ ಇಳಿಯಾಕತ್ತಾವ. ಅವುಗಳ ಫೋಟೋ ಬೇಕು, ಸಂಜಿ ಒಳಗ. ಇವನನ್ನೇ ಕಳಸ್ರಿ."

"ಇವನನ್ನ?" ಎಂದ ಜಿಲಾನಿ.

"ಇವನೇ ಆಗಬೇಕು."

ಜಿಲಾನಿ ಅಬ್ರಾರನನ್ನು ಹೊರಗೆ ಕರೆದು ಕ್ಯಾಮೆರಾ ಕೊರಳಿಗೆ ಹಾಕಿದ. "ಸಾವಕಾರ್ರು ದೊಡ್ಡ ಮನಸು ಮಾಡ್ಯಾರ. ಚಲೋ ತೆಗದ್ರ ಕ್ಯಾಮೆರಾ ನಿನ್ನ ಕೈಯಾಗ ಇರ್ತದ. ಕೆಡಿಸಿದ್ರ ನಾಳಿಂದ ಮತ್ತ ಲೈಟೇ."

ಬಸ್ಸಿನಲ್ಲಿ ಅಬ್ರಾರನ ಸಿಟ್ಟು ಕರಗಿತು. ಬೈದವನೇ ಕರೆದು ಕೆಲಸ ಕೊಟ್ಟನಲ್ಲ ಎಂದು ಮನಸ್ಸು ತುಂಬಿ ಬಂತು. ಮಳಖೇಡ ಮುಟ್ಟುವುದರೊಳಗೆ ಮೊಬೈಲಿನಲ್ಲಿ ಒಂದು ವಿಡಿಯೋ ಮೂರು ಸಲ ನೋಡಿದ. ಹಕ್ಕಿಯನ್ನು ನಟ್ಟ ನಡುವೆ ಕೂರಿಸಬೇಡ; ಅದು ನೋಡುವ ಕಡೆ ಜಾಗ ಬಿಡು; ಹಕ್ಕಿಗೆ ಸಂಬಂಧವಿಲ್ಲದ್ದನ್ನೆಲ್ಲ ಚಿತ್ರದಿಂದ ಹೊರಗೆ ಹಾಕು.

ಹೊಲದಲ್ಲಿ ಹಕ್ಕಿ ಕಾಯುವ ಅನಸುಬಾಯಿ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದಳು. ಅವಳು ಕೂಗಿದರೆ ಕಾಗಿಣಾ ಹೊಳೆಯ ಆಚೆಯ ದನಗಳೂ ತಲೆ ಎತ್ತುತ್ತಿದ್ದವು.

"ಆಯಿ, ನೀವು ಹೊಡದ್ರ ಗಿಳಿ ಹ್ಯಾಂಗ ಬರ್ತಾವ? ಇವತ್ತ ಫೋಟೋ ಆಗಲಿಲ್ಲಂದ್ರ ನನ್ನ ನಸೀಬ ಹೋತು."

ಅನಸುಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮಾಲಕರಿಗೆ ಗೊತ್ತಾದ್ರ ನಾಳಿಂದ ನನಗ ಕೆಲಸ ಇರಂಗಿಲ್ಲ. ಯಾರ ಮುಂದೂ ಅನಬ್ಯಾಡ," ಎಂದು ಕವಣೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು.

ಗಿಳಿಗಳು ಬಂದವು. ಆದರೆ ದಾರಿ ಬದಿಗೆ, ಆಗಲೇ ತಿಂದು ಬೋಳು ಮಾಡಿದ್ದ ತೆನೆಗಳ ಮೇಲೆ ಕುಳಿತವು. ಅಬ್ರಾರ ಹೊಡೆದ ಫೋಟೋದಲ್ಲಿ ಗಿಳಿಗಳ ಜೊತೆಗೆ ಬೋಳು ತೆನೆ, ಹೊಲದ ಗಡಿಯ ಬಾಂದುಗಲ್ಲು, ಬೆದರುಬೊಂಬೆ, ಅನಸುಬಾಯಿಯ ಬುತ್ತಿಗಂಟು ಎಲ್ಲವೂ ಬಂದವು.

ಅನಸುಬಾಯಿ ಕ್ಯಾಮೆರಾದೊಳಗೆ ಇಣುಕಿದಳು. "ಬೋಳು ತೆನಿ ಯಾಕ ತೆಗದಿ ತಮ್ಮಾ? ಮನಿಗೆ ಬಂದವರಿಗೆ ಎಂಜಲ ತಾಟು ತೋರಿಸಿದಂಗ ಕಾಣತದ. ಆ ಕಡಿ ಬಾ, ಚಲೋ ತೆನಿ ಅವ."

ಅಷ್ಟರಲ್ಲಿ ಪಕ್ಕದ ಹೊಲದ ಮಜೀದಸಾಬ ಕೈಯಲ್ಲಿ ಕಳೆ ತೆಗೆಯುವ ಕುರ್ಪಿ ಹಿಡಿದು ಸಲಹೆ ಕೊಡಲು ಬಂದ. "ಬೇಟಾ, ಆ ಬೊಂಬಿ ಅಡ್ಡ ಬರ್ಲಿಕತ್ತದ," ಎಂದವನೇ ಬೆದರುಬೊಂಬೆಯನ್ನು ಕಿತ್ತು ಹೆಗಲಿಗೆ ಹಾಕಿಕೊಂಡು ಹೊಲದ ನಡುವೆ ನಡೆದ. ಎರಡು ತಿಂಗಳಿಂದ ನಿಂತೇ ಇದ್ದ ಬೊಂಬೆ ನಡೆಯುವುದನ್ನು ಕಂಡ ಗಿಳಿಗಳು ಊರಿನ ಹಳೇ ಕೋಟೆಯ ಕಡೆಗೆ ಹಾರಿಹೋದವು.

"ಚಾಚಾ, ಇದೇನ ಮಾಡಿದ್ರಿ?"

"ಬರ್ತಾವ ಬಿಡು. ಎಲ್ಲಿಗೆ ಹೋಗ್ತಾವ, ಅವಕ್ಕೇನು ಮದುವಿ ಅದ?"

ಎರಡು ತಾಸು ಬರಲಿಲ್ಲ. ಅನಸುಬಾಯಿ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಪುಂಡಿಪಲ್ಯ ಹಚ್ಚಿ ಕೊಟ್ಟಳು. ಮಜೀದಸಾಬ ಫೋಟೋಕ್ಕೆ ಅಡ್ಡ ಬರುತ್ತಿದ್ದ ಬೋಳು ತೆನೆಯ ದಂಟುಗಳನ್ನು ಒಂದೊಂದಾಗಿ ಬಗ್ಗಿಸಿ ಕಾಲಡಿ ಒತ್ತಿ ಹಿಡಿದು ಕುಳಿತ. ಅಬ್ರಾರ ಒಳ್ಳೆಯ ತೆನೆಗಳ ಎದುರು ಎರೆಮಣ್ಣಿನ ಬಿರುಕಿನ ಮೇಲೆ ಬೋರಲು ಮಲಗಿದ. ಕೆಂಜಿರುವೆಗಳು ಅವನ ಪ್ಯಾಂಟಿನೊಳಗೆ ಸಾಲುಗಟ್ಟಿ ದಿಂಡಿ ಯಾತ್ರೆ ಹೊರಟವು. ಅಬ್ರಾರ ಹಲ್ಲು ಕಚ್ಚಿದ, ಅಲುಗಲಿಲ್ಲ.

ಗಿಳಿಗಳು ಮರಳುವ ಹೊತ್ತಿಗೆ ಕ್ಯಾಮೆರಾ ಜಾಗವಿಲ್ಲ ಎಂದಿತು. ಅಬ್ರಾರ ಬೆಳಗಿನಿಂದ ತೆಗೆದ ನೂರಾ ಹನ್ನೆರಡೂ ಕೆಟ್ಟ ಫೋಟೋಗಳನ್ನು ಅಳಿಸಿದ. ಒಂದನ್ನೂ ಉಳಿಸಲಿಲ್ಲ.

ಆಮೇಲೆ ಅದು ಬಂತು. ಹಾಲುದುಂಬಿದ ತೆನೆಯ ಮೇಲೆ ಒಂದೇ ಗಿಳಿ, ಚಿತ್ರದ ಬಲ ಮೂಲೆಯಲ್ಲಿ. ಕೊರಳು ತಿರುಗಿಸಿ ಎಡಕ್ಕೆ ನೋಡುತ್ತಿತ್ತು. ಆ ಕಡೆ ಬರೀ ಸಂಜೆ ಬಿಸಿಲು.

ಅನಸುಬಾಯಿ ಬಹಳ ಹೊತ್ತು ನೋಡಿದಳು. "ಇಪ್ಪತ್ತು ವರ್ಷ ಆತು ಇವಕ್ಕ ಕಲ್ಲು ಹೊಡಿಯಾಕತ್ತು. ಮಾರಿ ನೋಡಿದ್ದಿಲ್ಲ ನೋಡು."

ಅಬ್ರಾರ ಅವಳ ಕಾಲು ಮುಟ್ಟಿದ. ಮಜೀದಸಾಬನ ಕಾಲು ಇನ್ನೂ ದಂಟುಗಳ ಮೇಲೆಯೇ ಇತ್ತು; ಅವನ ಕೈ ಹಿಡಿದು ಎಬ್ಬಿಸಿದ.

ಸೇಡಂನಲ್ಲಿ ಜಿಲಾನಿ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಎರಡೂ ಕೈಯಲ್ಲಿ ಹಿಡಿದ. "ಹದಿನೆಂಟು ವರ್ಷದಾಗ ಇಂಥದ್ದು ನಾನೂ ತೆಗದಿಲ್ಲಪಾ," ಎಂದ. ಅಷ್ಟರಲ್ಲಿ ಜಗದೇವಪ್ಪ ಒಂದು ಫೈಲು ಕಂಕುಳಲ್ಲಿಟ್ಟುಕೊಂಡು ಬಂದ. ಚಿತ್ರ ನೋಡಿದ. ತಿರುವಿ ಹಿಂದೆಯೂ ನೋಡಿದ.

"ಬೋಳು ತೆನಿ ಎಲ್ಲಿ? ಬಾಂದುಗಲ್ಲು ಎಲ್ಲಿ?"

"ಅವು ಯಾಕ್ರಿ ಸಾವಕಾರ್ರ?" ಎಂದ ಜಿಲಾನಿ.

"ಗಿಳಿ ಬೆಳಿ ತಿಂದು ಲುಕ್ಸಾನ ಆಗ್ಯದ ಅಂತ ಅರ್ಜಿ ಬರದೀನಿ. ಮುಂಜಾನಿ ಕಚೇರಿಗೆ ಕೊಡಬೇಕು. ಬ್ಯಾಡಾದದ್ದು ಒಂದೂ ಬಿಡದಂಗ ಫೋಟೋದಾಗ ತರೋನು ತಾಲೂಕಿನಾಗ ಇವನೊಬ್ಬನೇ ಅಂತ ಇವನನ್ನ ಕೇಳಿದ್ನಿ. ಇದನ್ನ ನೋಡಿದ್ರ ಸಾಹೇಬ್ರು ಗಿಳಿಗೇ ಶಾಲು ಹೊದಸ್ತಾರ."

ಜಿಲಾನಿ ಅವಸರದಲ್ಲಿ ಕ್ಯಾಮೆರಾ ಕಸಿದುಕೊಂಡು ಒಳಗಿನ ಫೋಟೋ ಹುಡುಕಿದ. ಒಂದೇ ಒಂದು ಚಿತ್ರವಿತ್ತು. ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. "ನಾಳಿ ಶಹಾಬಾದಿನಾಗ ಮದುವಿ ಅದ. ಲೈಟು ಹಿಡಿಲಾಕ ಲಗೂ ಬಾ."

ಜಗದೇವಪ್ಪನಿಗೆ ಇನ್ನೂ ಸಮಾಧಾನವಿರಲಿಲ್ಲ. "ಗಿಳಿ ಇಷ್ಟು ನಿರಾಳ ಹ್ಯಾಂಗ ಕುಂತದ? ನಮ್ಮ ಅನಸುಬಾಯಿ ಏನ ಮಾಡಾಕತ್ತಿದ್ಳು? ಕವಣಿ ಬೀಸಲಿಲ್ಲೇನು? ಹೇಳೋ."

ಅಬ್ರಾರನ ನಾಲಿಗೆಯ ತುದಿಯಲ್ಲಿ ಹತ್ತು ಮಾತುಗಳಿದ್ದವು, ಹತ್ತೂ ಬೈಗುಳ. ಆದರೆ ಒಂದು ಹೊರಗೆ ಬಿದ್ದರೆ ಅದರ ಹಿಂದೆ ಅನಸುಬಾಯಿಯ ಹೆಸರೂ ಬೀಳುತ್ತಿತ್ತು.

"ನಿನಗ ಕೇಳಾಕತ್ತೀನಿ."

ಅಬ್ರಾರ ಮೇಜಿನ ಮೇಲಿದ್ದ ಚಿತ್ರ ಎತ್ತಿಕೊಂಡು, ಮಡಚದಂತೆ ಎದೆಗಾನಿಸಿಕೊಂಡು, ಅನಸುಬಾಯಿಗೆ ಕೊಡಲೆಂದು ಮಳಖೇಡದ ಬಸ್ಸು ನಿಲ್ಲುವ ಕಡೆಗೆ ನಡೆದ.