ಐದು ವರ್ಷದ ಗಲ್ಫ್ ಅನುಭವವಿರುವ ಕೆಂಪು ಚುಕ್ಕೆ

ಅಲ್ ಮಿಸ್ಮಾರ್ ಭದ್ರತಾ ಸಂಸ್ಥೆಯಲ್ಲಿ ಪಿಸ್ತೂಲು ಒಂದೇ. ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಅಧಿಕಾರವಿದ್ದ ಮನುಷ್ಯನೂ ಒಬ್ಬನೇ. ದುಬೈಯ ನೈಫ್ ಪೇಟೆಯ ಅಂಗಡಿಗಳಿಗೆ ಚಿನ್ನ ಸಾಗಿಸುವ ವ್ಯಾನಿನ ಕಾವಲುಗಾರ ಶೇಖಪ್ಪ, ವಯಸ್ಸು ಐವತ್ತೆಂಟು.

ಕಣ್ಣು ಕೈಕೊಟ್ಟಿತ್ತು. ದೂರದ ಗುರಿ ಕಾಣುತ್ತಿತ್ತು, ಕೈಯಲ್ಲಿದ್ದ ಪಿಸ್ತೂಲಿನ ನಳಿಗೆ ತುದಿಯ ಗುರಿಮೊಳೆ ಕಾಣುತ್ತಿರಲಿಲ್ಲ. ತಿಂಗಳ ಕೊನೆಗೆ ಗುರಿ ಪರೀಕ್ಷೆ. ನಪಾಸಾದರೆ ದೂರದ ಮರುಭೂಮಿಯ ಊರು ಮದೀನತ್ ಜಾಯೆದ್‌ನಲ್ಲಿ ಗೇಟು ಎತ್ತುವ ಕೆಲಸ. ಹೆಂಡತಿ ಕಮಲಾಬಾಯಿ ದುಬೈಯಲ್ಲೇ, ಊದ್ ಮೇಥಾದ ಶಾಲೆಯೊಂದರಲ್ಲಿ ಆಯಾ. ನಡುವೆ ಮೂರು ತಾಸಿನ ಮರಳು.

“ನೀವು ಅಲ್ಲಿ, ನಾ ಇಲ್ಲಿ. ರೊಟ್ಟಿ ಏನ್ ಕೊರಿಯರ್ ಮಾಡ್ಲ್ಯಾ?” ಅಂದಳು ಕಮಲಾಬಾಯಿ.

ಶೇಖಪ್ಪ ಅರ್ಜಿ ಬರೆದ. ಒಂದೇ ಸಾಲು: ಕೆಂಪು ಚುಕ್ಕೆಯ ಗುರಿಗಾಜು ಬೇಕು, ನಂಬಿಗಸ್ತ ಇರಬೇಕು. ಪಿಸ್ತೂಲಿನ ಬೆನ್ನ ಮೇಲೆ ಕೂರುವ ಪುಟ್ಟ ಗಾಜು ಅದು. ಒಳಗೊಂದು ಕೆಂಪು ಚುಕ್ಕೆ. ಚುಕ್ಕೆಯನ್ನು ಗುರಿಯ ಮೇಲಿಟ್ಟರೆ ಸಾಕು, ಮೊಳೆ ಹುಡುಕಬೇಕಿಲ್ಲ.

ಸಂಸ್ಥೆ ಕೂಡಲೇ ಕ್ರಮ ಕೈಗೊಂಡಿತು. ಪಿಸ್ತೂಲು ‘ಮಾರ್ಪಾಡಿನಲ್ಲಿದೆ’ ಎಂದು ಬರೆದು ಬೀಗ ಹಾಕಲಾಯಿತು. ಶೇಖಪ್ಪ ಪಿಸ್ತೂಲಿನ ಖಾಲಿ ಚರ್ಮದ ಚೀಲ ಕಟ್ಟಿಕೊಂಡು ವ್ಯಾನನ್ನು ಕಾದ. ಕೆಂಪು ಚುಕ್ಕೆ ಆಯ್ಕೆ ಸಮಿತಿ ರಚನೆಯಾಯಿತು. ಅಧ್ಯಕ್ಷ ಮಂಗಳೂರಿನ ಫೆಲಿಕ್ಸ್, ಖರೀದಿ ವಿಭಾಗ. ಅದುವರೆಗೆ ಫಿನಾಯಿಲು, ಟೀ ಬ್ಯಾಗು ಆರಿಸಿ ಪಳಗಿದ ಕೈ.

ಮೂರು ಮಾದರಿಗಳು ಬಂದವು.

“ಪಿಸ್ತೂಲಿಗೆ ಹಾಕಿ ನೋಡೂಣು,” ಅಂದ ಶೇಖಪ್ಪ.

“ಆಗ್ಲಿಕ್ಕಿಲ್ಲ ಮಾರಾಯ್ರೆ. ಗುರಿಗಾಜು ಕೂರಿಸದೆ ಪಿಸ್ತೂಲು ಬೀಗದಿಂದ ಹೊರಗೆ ಬರ್ಲಿಕ್ಕಿಲ್ಲ. ನಿಯಮ ಹದಿನಾಲ್ಕು.”

“ಕೂರಸಾಕ ಪಿಸ್ತೂಲು ಬೇಕಲ್ರೀ.”

“ಅದು ನಿಯಮ ಹದಿನೈದು.”

ಆದ್ದರಿಂದ ಪರೀಕ್ಷೆ ಸ್ಟೇಪ್ಲರಿನ ಮೇಲೆ ನಡೆಯಿತು, ರಬ್ಬರ್ ಬ್ಯಾಂಡ್ ಕಟ್ಟಿ. ಮೊದಲನೆಯ ಮಾದರಿಯ ಚುಕ್ಕೆ ಆಗಸ್ಟಿನ ಬಿಸಿಲಿಗೆ ಕಾಣಲೇ ಇಲ್ಲ. ಎರಡನೆಯದರ ಗಾಜು ಏಸಿಯಿಂದ ಹೊರಗೆ ಬಂದೊಡನೆ ಬೆವರಿತು. ಮೂರನೆಯದು ಸುತ್ತ ಮುಚ್ಚಿದ ಡಬ್ಬಿಯಂತಿತ್ತು, ಬ್ಯಾಟರಿ ಹಾಕುವುದು ಪಕ್ಕದಿಂದ. ಬೆವರಲಿಲ್ಲ. ಸಮಿತಿ ಅದನ್ನು ಸ್ಟೇಪ್ಲರ್ ಸಮೇತ ಎರಡನೇ ಮಹಡಿಯಿಂದ ಬೀಳಿಸಿತು. ಸ್ಟೇಪ್ಲರ್ ಸತ್ತಿತು. ಚುಕ್ಕೆ ಬದುಕಿತು.

“ಇದ ಬೇಕ್ರೀ,” ಅಂದ ಶೇಖಪ್ಪ.

“ಬಳಸುವವರ ಅಭಿಪ್ರಾಯಕ್ಕೆ ಫಾರ್ಮಿನಲ್ಲಿ ಜಾಗ ಇಲ್ಲ,” ಅಂದ ಫೆಲಿಕ್ಸ್.

ಗುರಿಗಾಜಿಗೆಂದು ಫಾರ್ಮ್ ಇರಲಿಲ್ಲ. ಸಿಬ್ಬಂದಿ ನೇಮಕಾತಿಯ ಫಾರ್ಮನ್ನೇ ಬಳಸಲಾಗಿತ್ತು. ಮೂರನೆಯ ಮಾದರಿ ‘ಕುಡಿತದ ಅಭ್ಯಾಸ: ಇಲ್ಲ’ದವರೆಗೆ ಚೆನ್ನಾಗಿಯೇ ಬಂತು. ಆರನೆಯ ಕಾಲಂನಲ್ಲಿ ಬಿತ್ತು. ಗಲ್ಫ್ ಅನುಭವ, ಕನಿಷ್ಠ ಐದು ವರ್ಷ.

“ಹೊಸಾದು ಐತ್ರೀ. ಅನುಭವ ಎಲ್ಲಿಂದ ಬರಬೇಕು?”

“ನಾನು ಬಂದಾಗ ನನ್ನತ್ರವೂ ಇದನ್ನೇ ಕೇಳಿದ್ದು. ಯಾರನ್ನಾದ್ರೂ ಬಿಟ್ಟಿದ್ದಾರಾ?” ಅಂದ ಫೆಲಿಕ್ಸ್.

ಗುರಿ ಪರೀಕ್ಷೆಗೆ ಮೂರು ದಿನ ಉಳಿದಿತ್ತು. ಗಂಡನ ಬಟ್ಟೆ ತುಂಬಲು ಕಮಲಾಬಾಯಿ ಅಟ್ಟದಿಂದ ಟ್ರಂಕು ಇಳಿಸಿದಳು.

ಆಗ ಉಗ್ರಾಣದ ಅನ್ಸಿಫ್ ಯಾವುದೋ ಸಹಿಗೆ ಬಂದ. ಕೈಯಲ್ಲಿ ಡಬ್ಬಿಗಳ ಬಾರ್‌ಕೋಡ್ ಓದುವ ಸ್ಕ್ಯಾನರ್. ಸಮಿತಿ ಅದನ್ನೇ ನೋಡಿತು. ಪಿಸ್ತೂಲಿನ ಹಾಗೆಯೇ ಹಿಡಿ ಇತ್ತು. ಕುದುರೆ ಇತ್ತು. ಒತ್ತಿದರೆ ಕೆಂಪು ಚುಕ್ಕೆ.

“ಎಷ್ಟು ವರ್ಷದಿಂದ ಇದೆ ಇದು?” ಕೇಳಿದ ಫೆಲಿಕ್ಸ್.

“ಆರು, ಸಾರ್. ದಿನಕ್ಕೆರಡು ಸಲ ಬೀಳ್ತದೆ. ಒಂದಿನ ಸಿಕ್ ಲೀವ್ ಹಾಕಿಲ್ಲ.”

ನಿರ್ಣಯ ಸರ್ವಾನುಮತದ್ದು. ಸದರಿ ಚುಕ್ಕೆಗೆ ಅನುಭವವಿದೆ. ತನ್ನದೇ ಹಿಡಿ ಇರುವುದರಿಂದ ಪಿಸ್ತೂಲಿನ ಅಗತ್ಯವಿಲ್ಲ. ಹದಿನಾಲ್ಕು, ಹದಿನೈದು ಎರಡೂ ನಿಯಮಗಳು ಅಬಾಧಿತ. ಖಲಾಸ್.

ಶೇಖಪ್ಪ ಸ್ಕ್ಯಾನರನ್ನು ಚರ್ಮದ ಚೀಲಕ್ಕೆ ತುರುಕಿದ. ಸರಿಯಾಗಿ ಕೂತಿತು. ಮೂರು ತಾಸಿನ ಮರಳು ಕಣ್ಣೆದುರಿಗಿತ್ತು.

ಪರೀಕ್ಷೆಯಲ್ಲಿ ಗುರಿಹಲಗೆಗೆ ಇಪ್ಪತ್ತು ಬಾರ್‌ಕೋಡ್ ಅಂಟಿಸಿದ್ದರು. ಇಪ್ಪತ್ತು ಬೀಪ್. ಸಂಸ್ಥೆಯ ಇತಿಹಾಸದಲ್ಲೇ ಅಂಥ ಫಲಿತಾಂಶ ಇರಲಿಲ್ಲ.

ಮೂರನೆಯ ಮಾದರಿಯನ್ನು ಉಗ್ರಾಣಕ್ಕೆ ಕಳಿಸಲಾಯಿತು, ಐದು ವರ್ಷದ ಅನುಭವ ಗಳಿಸಲು. ಅನ್ಸಿಫ್ ಈಗ ಅದರಲ್ಲಿ ಇಣುಕಿ ಡಬ್ಬಿಗಳನ್ನು ಕೈಯಲ್ಲಿ ಎಣಿಸುತ್ತಾನೆ.

ಕಳೆದ ವಾರ ಒಬ್ಬ ಚಾಕು ಹಿಡಿದು ವ್ಯಾನಿನತ್ತ ಬಂದ. ಶೇಖಪ್ಪ ಸ್ಕ್ಯಾನರ್ ಎಳೆದು ಎದೆಗೆ ಚುಕ್ಕೆ ಇಟ್ಟು ಒತ್ತಿದ. ಬೀಪ್. ಚಾಕುವಿನವನು ತನ್ನ ಅಂಗಿ ನೋಡಿಕೊಂಡ. ಬಾರ್‌ಕೋಡಿನ ಬೆಲೆಚೀಟಿ ಕೀಳುವುದು ಮರೆತಿದ್ದ. ನಾಚಿಕೊಂಡು ಹೊರಟುಹೋದ.

ವರದಿ ಫೆಲಿಕ್ಸನ ಮೇಜಿಗೆ ಬಂತು. ಷರಾ ಬರೆದ: ಸ್ಕ್ಯಾನ್ ಆದ ವಸ್ತು ನಮ್ಮ ದಾಸ್ತಾನಿನಲ್ಲಿ ಇಲ್ಲವಾದ್ದರಿಂದ ಘಟನೆ ನಡೆದಿರುವುದಿಲ್ಲ.

ಟ್ರಂಕು ಮತ್ತೆ ಅಟ್ಟಕ್ಕೆ ಏರಿದೆ. ಬೆಳಿಗ್ಗೆ ರೊಟ್ಟಿಯ ಡಬ್ಬಿ ಕೊಡುವಾಗ ಕಮಲಾಬಾಯಿ ಒಂದೇ ಮಾತು ಕೇಳುತ್ತಾಳೆ.

“ಚಾರ್ಜಿಗೆ ಹಾಕಿದ್ರಿಲ್ಲೋ?”

“ಹೂಂ,” ಅನ್ನುತ್ತಾನೆ ಶೇಖಪ್ಪ.