ಮೂವತ್ತು ಸೆಕೆಂಡಿನ ಕಾಲೇಜು

ಗೇಟಣ್ಣ: ಸಹಿ ನಂದೇ ಸರ್, ಇಲ್ಲ ಅಂದ್ನಾ? ಬರೆದಿದ್ದು ನಾನಲ್ಲ ಅಂದೆ ಅಷ್ಟೇ.

ಮ್ಯಾನೇಜರ್: ಬರೆದವನನ್ನ ಯಾರೂ ಕೇಳಲ್ಲಪ್ಪ. ಸಹಿ ಹಾಕಿದವನನ್ನೇ ಕೇಳೋದು. ಹದಿನೆಂಟು ಕಡೆ ಹಾಕಿದೀಯ.

ಗೇಟಣ್ಣ: ನೀವು ಬೆರಳಿಟ್ಟು ತೋರಿಸಿದ್ರಿ, ನಾನು ಹಾಕ್ದೆ. ಒಳಗೇನಿದೆ ಅಂತ ನೋಡೋಕೆ ಬಿಟ್ರಾ? ‘ಬೇಗ ಹಾಕು, ಗೇಟಲ್ಲಿ ಯಾರೂ ಇಲ್ಲ’ ಅಂತ ಓಡಿಸ್ತಿದ್ರಿ.

ಕಾಲೇಜಿನ ಗೇಟು ಕಾಯುವ ಈ ಮನುಷ್ಯನಿಗೆ ತಂದೆತಾಯಿ ಇಟ್ಟ ಹೆಸರೂ ಒಂದಿತ್ತು. ಇಪ್ಪತ್ತಾರು ವರ್ಷಗಳಿಂದ ಹುಡುಗ ಹುಡುಗಿಯರ ಬಾಯಲ್ಲಿ ಅದು ಸವೆದು ಸವೆದು ‘ಗೇಟಣ್ಣ’ ಎಂದು ಉಳಿದಿತ್ತು. ಗೇಟು ತೆಗೆಯುವುದು, ಮುಚ್ಚುವುದು, ವರಾಂಡದ ಕಂಚಿನ ಗಂಟೆ ಬಾರಿಸುವುದು ಅವನ ಕೆಲಸ. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಇಷ್ಟು ವರ್ಷದಲ್ಲಿ ಒಂದೇ ಒಂದು ಮೆಮೊ ತೆಗೆದುಕೊಂಡವನಲ್ಲ. ಹಾಗೆಯೇ ತಲೆಯೆತ್ತಿ ಅದೇ ಗೇಟಿನಿಂದ ಆಚೆ ಹೋಗಬೇಕೆಂಬುದು ಅವನಿಗಿದ್ದ ಒಂದೇ ಆಸೆ. ಆ ಆಸೆಯ ಮೇಲೆ ಇವತ್ತು ಮಧ್ಯಾಹ್ನ ಅಗ್ನಿಶಾಮಕ ಠಾಣೆಯ ಕಾಗದವೊಂದು ಬಂದು ಕೂತಿತ್ತು.

ಕಾಗದದ ಸಾರಾಂಶ ಇಷ್ಟು. ಈ ಕಾಲೇಜಿನ ಮೂರು ಮಹಡಿಯಲ್ಲಿರುವ ಸಾವಿರದ ನೂರು ವಿದ್ಯಾರ್ಥಿಗಳು ಅಪಾಯದ ಸೈರನ್ ಆದ ಮೂವತ್ತು ಸೆಕೆಂಡಿನಲ್ಲಿ ಕಟ್ಟಡ ಖಾಲಿ ಮಾಡುತ್ತಾರೆಂದು ನಿಮ್ಮ ವರದಿಯಿಂದ ತಿಳಿಯಿತು. ನಮಗೆ ಪರಮಾಶ್ಚರ್ಯವಾಯಿತು. ನಾಳೆ ಹನ್ನೊಂದು ಗಂಟೆಗೆ ಗಡಿಯಾರ ಹಿಡಿದು ನಾವೇ ಬರುತ್ತೇವೆ. ಈ ಅಗ್ನಿ ಸುರಕ್ಷತಾ ಅಭ್ಯಾಸ ನಡೆಸಿಕೊಟ್ಟು ಸಹಿ ಮಾಡಿದ ಮಹನೀಯರು ಈ ವಿದ್ಯೆಯನ್ನು ನಮ್ಮ ಸಿಬ್ಬಂದಿಗೂ ಹೇಳಿಕೊಡಬೇಕು.

ಗೇಟಣ್ಣ: ಮಹನೀಯರು ಅಂದ್ರೆ ನಾನಾ?

ಮ್ಯಾನೇಜರ್: ಮತ್ತೆ ನಾನಾ?

ಗೇಟಣ್ಣ: ಸರ್, ಒಂದು ಸಲಾನಾದ್ರೂ ಈ ಅಭ್ಯಾಸ ಅನ್ನೋದು ನಡೆದಿದೆಯಾ ಇಲ್ಲಿ?

ಮ್ಯಾನೇಜರ್: ನಡೆಸ್ಬೇಕು ಅಂತಾನೇ ಇತ್ತು. ಒಂದ್ಸಲ ಪರೀಕ್ಷೆ, ಒಂದ್ಸಲ ಕ್ರೀಡಾಕೂಟ. ಮೂರು ತಿಂಗಳಿಗೊಮ್ಮೆ ವರದಿ ಮಾತ್ರ ತಪ್ಪದೆ ಕಳಿಸಿದೀನಿ. ಆ ಮಟ್ಟಿಗೆ ನನ್ನ ಮೇಲೆ ಬೆರಳು ತೋರಿಸೋ ಹಾಗಿಲ್ಲ.

ಗೇಟಣ್ಣ: ಸರಿ, ಬರೆಯೋದು ಬರೆದ್ರಿ. ಐದು ನಿಮಿಷ, ಆರು ನಿಮಿಷ ಅಂತ ಬರೆದಿದ್ರೆ ಯಾರು ತಿರುಗಿ ನೋಡ್ತಿದ್ರು? ಮೂವತ್ತು ಸೆಕೆಂಡ್ ಯಾಕೆ ಬಂತು?

ಮ್ಯಾನೇಜರ್ ಎಂಬ ಈ ಮಹಾನುಭಾವರು ಆಫೀಸಿನ ಮುಖ್ಯಸ್ಥರು. ಕಾಗದದಲ್ಲಿ ಇಲ್ಲದ್ದು ಲೋಕದಲ್ಲಿ ಇಲ್ಲ, ಕಾಗದದಲ್ಲಿ ಇದ್ದರೆ ಲೋಕದಲ್ಲಿ ಇರಲೇಬೇಕಾಗಿಲ್ಲ ಎಂಬುದು ಅವರ ಸಿದ್ಧಾಂತ. ಅವರು ಆ ಹದಿನೆಂಟು ಸಹಿಗಳಿದ್ದ ಅಭ್ಯಾಸ ಪುಸ್ತಕವನ್ನು ಮಗುವನ್ನು ಮಗ್ಗುಲಿಗೆ ತಿರುಗಿಸುವಷ್ಟು ಮೃದುವಾಗಿ ತೆರೆದರು.

ಮ್ಯಾನೇಜರ್: ಮೊದಲನೇ ಸಲ ಒಂಬತ್ತು ನಿಮಿಷ ಅಂತ ಬರೆದೆ. ಎರಡನೇ ಸಲಾನೂ ಒಂಬತ್ತು ಅಂತ ಬರೆದ್ರೆ ಮೇಲಿನವರು ಏನಂತಾರೆ? ‘ಪ್ರಗತಿ ಎಲ್ಲಿ’ ಅಂತಾರೆ. ಅದಕ್ಕೆ ಸಲಕ್ಕೆ ಅರ್ಧರ್ಧ ನಿಮಿಷ ಇಳಿಸ್ಕೊಂಡು ಬಂದೆ. ಪ್ರಗತಿ ತೋರಿಸ್ಬೇಕಲ್ಲಪ್ಪ.

ಗೇಟಣ್ಣ ಬೆರಳು ಮಡಚಿ ಲೆಕ್ಕ ಹಾಕಿದ.

ಗೇಟಣ್ಣ: ಹಾಗಾದ್ರೆ ನಾಳೇದು ಸೊನ್ನೆ. ಸೈರನ್ ಆಗೋ ಹೊತ್ತಿಗೇ ಎಲ್ಲಾ ಆಚೆ ನಿಂತಿರ್ಬೇಕು. ಅದರ ಮುಂದಿನ ಸಲ ಸೈರನ್ನಿಗಿಂತ ಅರ್ಧ ನಿಮಿಷ ಮುಂಚೆ.

ಮ್ಯಾನೇಜರ್: ತಮಾಷೆ ಬೇಡ. ನಾಳೆ ಕೆಟ್ರೆ ಸುಳ್ಳು ದಾಖಲೆ ಅಂತ ಮೆಮೊ ಬರುತ್ತೆ. ಸಹಿ ಮಾಡಿದವರ ಹೆಸರಿಗೇ ಬರುತ್ತೆ.

ಮದುವೆಯಾಗಿ ಹೋದ ಮಗಳು ಬಂದಾಗೆಲ್ಲ ‘ನಮ್ಮಪ್ಪನ ಮೇಲೆ ಒಂದು ಚುಕ್ಕೆ ಇಲ್ಲ’ ಎಂದು ಅಳಿಯನೆದುರು ಹೇಳುವುದು ಗೇಟಣ್ಣನಿಗೆ ನೆನಪಾಯಿತು. ಅವನಿಗೆ ನಿಜವಾಗಿಯೂ ಅಳು ಬರುವಂತಾಯಿತು.

ಅಷ್ಟರಲ್ಲಿ ಪ್ರಿನ್ಸಿಪಾಲರು ಒಳಗೆ ಬಂದರು. ಅವರು ಬರುವುದನ್ನು ಕಂಡ ಕೂಡಲೇ ಮ್ಯಾನೇಜರ್ ಎದ್ದು ಪಕ್ಕದ ದಾಖಲೆ ಕೋಣೆಗೆ ಹೋಗಿ, ಹಳೆ ಉತ್ತರಪತ್ರಿಕೆಗಳ ಕಟ್ಟಿನ ಮೇಲಿದ್ದ ಕೆಟಲಿಗೆ ಸ್ವಿಚ್ ಹಾಕಿ ಬಂದರು. ಪ್ರಿನ್ಸಿಪಾಲರಿಗೆ ಟೀ ಇಲ್ಲದೆ ಯೋಚನೆ ಓಡುವುದಿಲ್ಲ.

ಪ್ರಿನ್ಸಿಪಾಲರು: ನಾನೊಂದು ಉಪಾಯ ಮಾಡಿದೀನಿ. ಹತ್ತೂವರೆಗೇ ಎಲ್ಲರನ್ನೂ ಮೈದಾನಕ್ಕೆ ಕಳಿಸಿಬಿಡೋಣ. ಸೈರನ್ ಆದ ಮೇಲೆ ಕಟ್ಟಡ ಖಾಲಿ ತಾನೇ ಇರ್ಬೇಕು? ಖಾಲಿ ಇರುತ್ತೆ.

ಗೇಟಣ್ಣ: ಅವರು ಗೇಟಲ್ಲಿ ಬರುವಾಗ್ಲೇ ಮೈದಾನ ಕಾಣುತ್ತೆ ಸರ್.

ಪ್ರಿನ್ಸಿಪಾಲರು: ಹಿಂದಿನ ತುರ್ತು ಬಾಗಿಲಿಂದ ಕರ್ಕೊಂಡು ಬಾ.

ಗೇಟಣ್ಣ: ಅದಕ್ಕೆ ಮುರಿದ ಬೆಂಚು ಅಡ್ಡ ಪೇರಿಸಿ ಆರು ವರ್ಷ ಆಯ್ತು. ತೆಗೆಯೋಣ ಅಂದಾಗ ನೀವೇ, ಹುಡುಗರು ತಪ್ಪಿಸ್ಕೊಂಡು ಹೋಗ್ತಾರೆ ಅಂದ್ರಿ.

ಪ್ರಿನ್ಸಿಪಾಲರು: ತಪ್ಪಿಸ್ಕೊಂಡು ಹೋಗೋಕಲ್ಲದೆ ಇನ್ಯಾತಕ್ಕೆ ಆ ಬಾಗಿಲು?

ಮ್ಯಾನೇಜರ್: ಅದೇ ಸರ್, ತಪ್ಪಿಸ್ಕೊಳ್ಳೋಕೇ ಅದನ್ನ ಇಟ್ಟಿರೋದು.

ಪ್ರಿನ್ಸಿಪಾಲರು ಅವರನ್ನು ದುರುಗುಟ್ಟಿ ನೋಡಿದರು. ಗೇಟಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ.

ಗೇಟಣ್ಣ: ನಾನೊಂದು ಮಾತು ಹೇಳ್ಲಾ? ನಾಳೆ ಸೈರನ್ ಬೇಡ. ಸಾಯಂಕಾಲದ ಲಾಂಗ್ ಬೆಲ್ ಹೊಡೀತೀನಿ. ದಿನಾ ಅದನ್ನ ಹೊಡೆದು ನಾನು ಗೇಟಿಗೆ ಓಡ್ಬೇಕು. ಒಂದು ನಿಮಿಷದೊಳಗೆ ಎರಡೂ ಬಾಗಿಲು ತೆಗೀದಿದ್ರೆ ಕಿತ್ತುಕೊಂಡೇ ಹೋಗ್ತಾರೆ. ಎಡಗಡೇದು ಮೂರು ಸಲ ಬಿದ್ದಿದೆ.

ಪ್ರಿನ್ಸಿಪಾಲರು: ಛೆ, ಮನೆಗೆ ಓಡೋದು ಬೇರೆ, ಜೀವ ಉಳಿಸ್ಕೊಳ್ಳೋದು ಬೇರೆ. ಇದು ಶಿಸ್ತಿನ ವಿಷಯ.

ಗೇಟಣ್ಣ: ಜೀವಕ್ಕೆ ಅಷ್ಟು ಜೋರಾಗಿ ಓಡಿದ್ದನ್ನ ನಾನು ಕಂಡಿಲ್ಲ ಸರ್, ಅದಕ್ಕೆ ಹೇಳ್ದೆ.

ಹೀಗೆ ಮಾತಿಗೆ ಮಾತು ಬೆಳೆಯುತ್ತಿದ್ದಾಗ ಕೆಟಲು ಎಲ್ಲರಿಗೂ ಮರೆತುಹೋಯಿತು. ಅದರಲ್ಲಿ ನೀರು ಹಾಕಿತ್ತೋ ಇಲ್ಲವೋ ಎಂಬುದು ಮ್ಯಾನೇಜರಿಗೆ ಇವತ್ತಿಗೂ ಖಚಿತವಿಲ್ಲ. ದಾಖಲೆ ಕೋಣೆಯ ಬಾಗಿಲ ಸಂದಿಯಿಂದ ಹೊಗೆ ಬಂತು. ಅದರ ಹಿಂದೆಯೇ ಚಾವಣಿಯ ಸೈರನ್ ಊಳಿಡತೊಡಗಿತು.

ಪ್ರಿನ್ಸಿಪಾಲರು: ಯಾರ್ರೀ ಅದು, ನಾಳೆಯ ಸೈರನ್ ಇವತ್ತೇ ಹಾಕಿದ್ದು?

ಗೇಟಣ್ಣ: ಸರ್, ಹೊಗೆ. ನಿಜವಾದ ಹೊಗೆ.

ಮೂವರೂ ಮಹಡಿಯ ಕಡೆ ಕಿವಿಗೊಟ್ಟರು. ಒಂದು ಬೆಂಚು ಸರಿದ ಸದ್ದಿಲ್ಲ. ಮೇಲಿನ ತರಗತಿಯ ಮೇಷ್ಟ್ರು ಸೈರನ್ನಿಗಿಂತ ಒಂದು ಸ್ವರ ಮೇಲೇರಿ ಪಾಠ ಮುಂದುವರಿಸಿದರು.

ಗೇಟಣ್ಣ: ಒಬ್ಬರೂ ಏಳ್ತಿಲ್ಲವಲ್ಲ.

ಮ್ಯಾನೇಜರ್: ಹೇಗೆ ಏಳ್ತಾರೆ? ಕರೆಂಟು ಏರಿಳಿದಾಗೆಲ್ಲ ಅದು ಕೂಗುತ್ತೆ ಅಂತ ಸುತ್ತೋಲೆ ಹಾಕಿದೀವಿ. ‘ಸೈರನ್ ಕೇಳಿಸಿದ ಮಾತ್ರಕ್ಕೆ ಯಾರೂ ತರಗತಿ ಬಿಟ್ಟು ಬರತಕ್ಕದ್ದಲ್ಲ.’ ಪ್ರಿನ್ಸಿಪಾಲರ ಆಜ್ಞೆ.

ಗೇಟಣ್ಣ: ಹಾಗಾದ್ರೆ ವಾಪಸ್ ತಗೊಳ್ಳಿ ಸರ್ ಆಜ್ಞೇನ.

ಪ್ರಿನ್ಸಿಪಾಲರು: ಬಾಯಿ ಮಾತಲ್ಲಿ ಹೇಗೆ ತಗೊಳ್ಳೋದು? ಮ್ಯಾನೇಜರ್, ಬರೀರಿ. ‘ಈ ಹಿಂದಿನ ಸುತ್ತೋಲೆಯನ್ನು ರದ್ದುಪಡಿಸಿ...’ ಅದರ ನಂಬರ್ ಎಷ್ಟು?

ಮ್ಯಾನೇಜರ್: ಹುಡುಕ್ತೀನಿ ಸರ್. ನಂಬರ್ ಇಲ್ದೆ ರದ್ದು ಮಾಡಿದ್ರೆ ಬೇರೆ ಯಾವುದಾದ್ರೂ ರದ್ದಾಗಿಬಿಡುತ್ತೆ.

ಗೇಟಣ್ಣ ಅವರನ್ನೊಮ್ಮೆ ನೋಡಿದ, ಹೊಗೆಯನ್ನೊಮ್ಮೆ ನೋಡಿದ. ತಲೆಯ ಮೇಲೆ ಸಾವಿರದ ನೂರು ಮಕ್ಕಳು ಕೂತಿದ್ದರು. ಮೆಮೊ, ನಿವೃತ್ತಿ, ಅಳಿಯನ ಮುಖ, ಯಾವುದೂ ಆಗ ಅವನ ನೆನಪಿಗೆ ಬರಲಿಲ್ಲ. ವರಾಂಡಕ್ಕೆ ಓಡಿ ಮೊದಲು ಕರೆಂಟಿನ ಮೇನ್ ಸ್ವಿಚ್ ಕೆಳಗೆಳೆದ. ಸೈರನ್ ಬಾಯಿ ಮುಚ್ಚಿತು. ಆಮೇಲೆ ಸುತ್ತಿಗೆ ತೆಗೆದು, ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಸಾಯಂಕಾಲದ ಲಾಂಗ್ ಬೆಲ್ ಬಾರಿಸಿದ.

ಇಡೀ ಕಟ್ಟಡ ಒಮ್ಮೆ ಉಸಿರು ಎಳೆದುಕೊಂಡಂತಾಯಿತು. ಇನ್ನೂ ಎರಡು ಗಂಟೆ ಇದೆಯಲ್ಲ ಎಂದು ಯಾರೂ ಕೇಳಲಿಲ್ಲ. ಸಿಕ್ಕ ಬೆಲ್ಲನ್ನು ಪ್ರಶ್ನಿಸುವಷ್ಟು ದಡ್ಡರನ್ನು ಆ ಕಾಲೇಜು ಸೇರಿಸಿಕೊಂಡಿರಲಿಲ್ಲ. ಮೂರು ಮಹಡಿಯೂ ಮೆಟ್ಟಿಲ ಮೇಲೆ ದಡದಡನೆ ಇಳಿಯಿತು. ಮೇಷ್ಟ್ರುಗಳು ಎಲ್ಲರಿಗಿಂತ ಮುಂದಿದ್ದರು. ಗೇಟಣ್ಣ ಹಳೆ ಅಭ್ಯಾಸದಂತೆ ಕೈಗಡಿಯಾರ ನೋಡಿಕೊಂಡೇ ಎರಡೂ ಬಾಗಿಲು ತೆಗೆದು ನಿಂತ.

ಕೊನೆಯ ಹುಡುಗಿ ಆಚೆ ಹೋದ ಮೇಲೆ ಅವನು ಬೆಂಕಿಯ ಕಡೆ ತಿರುಗಿದ. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಳ್ಳರು ಒಯ್ಯಬಾರದೆಂದು ಸರಪಳಿ ಸುತ್ತಿ ಬೀಗ ಜಡಿದಿದ್ದರು. ಬೀಗದ ಕೈ ಹುಡುಕುವ ಗೋಜಿಗೆ ಹೋಗದೆ, ವರಾಂಡದ ಹೂಕುಂಡಗಳನ್ನು ಒಂದೊಂದಾಗಿ ಎತ್ತಿ ತಂದು ದಾಖಲೆ ಕೋಣೆಯ ಆಚೆ ಬಾಗಿಲಿನಿಂದ ಮಣ್ಣು ಸುರಿದ. ಒಂದು ಕಟ್ಟು ಉತ್ತರಪತ್ರಿಕೆ, ಒಂದು ಕೆಟಲು, ಆರು ಗುಲಾಬಿ ಗಿಡ. ನಷ್ಟ ಅಷ್ಟರಲ್ಲೇ ಮುಗಿಯಿತು.

ಎಲ್ಲ ಮುಗಿದು ಅವನು ಗೇಟಿನ ಬಳಿ ಬಂದು ಸುಧಾರಿಸಿಕೊಳ್ಳುತ್ತಿದ್ದಾಗ ಪ್ರಿನ್ಸಿಪಾಲರೂ ಮ್ಯಾನೇಜರೂ ಕೆಮ್ಮುತ್ತ ಹೊರಗೆ ಬಂದರು. ಒಬ್ಬರ ಕೈಯಲ್ಲಿ ಸುತ್ತೋಲೆ, ಇನ್ನೊಬ್ಬರ ಕಂಕುಳಲ್ಲಿ ಅಭ್ಯಾಸ ಪುಸ್ತಕ.

ಪ್ರಿನ್ಸಿಪಾಲರು: ಸಿಕ್ತು. ನಂಬರ್ ಇನ್ನೂರ ಹದಿನಾಲ್ಕು. ಈಗ ಎಲ್ಲರೂ ಹೊರಗೆ ಬರಬಹುದು.

ಗೇಟಣ್ಣ: ಬಂದಿದಾರೆ ಸರ್. ನೀವಿಬ್ಬರೇ ಬಾಕಿ ಇದ್ರಿ.

ಮ್ಯಾನೇಜರ್ ಹೊಗೆ ನೋಡಲು ಗೇಟಿನಾಚೆ ರಸ್ತೆ ತುಂಬ ನೆರೆದವರನ್ನು ಕಂಡರು. ಅವರ ಕಣ್ಣು ಹೊಳೆಯಿತು.

ಮ್ಯಾನೇಜರ್: ಸರ್, ದೇವರೇ ದಾರಿ ತೋರಿಸಿದ. ಅಭ್ಯಾಸ ಇವತ್ತೇ ಆಗೋಯ್ತು, ನಾಳೆ ಬೇಕಾಗಿಲ್ಲ ಅಂತ ಠಾಣೆಗೆ ಬರೆದುಬಿಡೋಣ. ಇಪ್ಪತ್ತೊಂಬತ್ತು ಸೆಕೆಂಡ್ ಅಂತ ಹಾಕ್ತೀನಿ. ಗೇಟಣ್ಣ, ಬಾ, ಇಲ್ಲಿ ಒಂದು ಸಹಿ.

ಗೇಟಣ್ಣ: ಪುಸ್ತಕ ಕೊಡಿ ಸರ್. ಇವತ್ತು ನಾನೇ ಬರೀತೀನಿ.

ಮ್ಯಾನೇಜರ್: ನಿನಗ್ಯಾಕೆ ಆ ತೊಂದರೆ?

ಗೇಟಣ್ಣ: ಅಭ್ಯಾಸ ನಡೆಸಿದ ಮಹನೀಯರು ನಾನೇ ಅಲ್ವಾ? ಹದಿನೆಂಟು ಸಲ ಓದದೆ ಸಹಿ ಹಾಕಿದ್ದು ನನ್ನ ತಪ್ಪೇ. ನಾಳೆ ಬರೋ ಸಾಹೇಬರಿಗೆ ನಾನೇ ಹೇಳ್ತೀನಿ. ಮೆಮೊ ಕೊಡೋದಾದ್ರೆ ಕೊಡ್ಲಿ. ಸುಳ್ಳು ಹೊತ್ಕೊಂಡು ಮನೆಗೆ ಹೋಗೋದಕ್ಕಿಂತ ಮೆಮೊ ಹಗುರ.

ಅವನು ಗೇಟಿನ ಕಂಬಕ್ಕೆ ಪುಸ್ತಕ ಒರಗಿಸಿ, ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆದ. ಬರೆದದ್ದನ್ನು ಎರಡು ಸಲ ಓದಿಕೊಂಡು ಸಹಿ ಹಾಕಿದ. ಮ್ಯಾನೇಜರ್ ಅವನ ಹೆಗಲ ಮೇಲಿಂದ ಇಣುಕಿ ಗಟ್ಟಿಯಾಗಿ ಓದಿದರು.

ಮ್ಯಾನೇಜರ್: ‘ವಿದ್ಯಾರ್ಥಿಗಳು, ಒಂದು ನಿಮಿಷ ಹತ್ತು ಸೆಕೆಂಡ್. ಪ್ರಿನ್ಸಿಪಾಲರು ಮತ್ತು ಮ್ಯಾನೇಜರ್, ಹನ್ನೊಂದು ನಿಮಿಷ. ತಡವಾದ ಕಾರಣ, ನಂಬರ್ ಹುಡುಕುತ್ತಿದ್ದರು.’ ಅಯ್ಯೋ ಮಾರಾಯ, ಹನ್ನೊಂದು ನಿಮಿಷ ಅಂತ ಬರೆದ್ಯಲ್ಲೋ, ಮುಂದಿನ ವರದೀಲಿ ನಾನು ಏನಂತ ಬರೀಲಿ?

ಗೇಟಣ್ಣ ಪೆನ್ನಿಗೆ ಮುಚ್ಚಳ ಹಾಕಿ ಅವರ ಜೇಬಿಗೇ ಸಿಕ್ಕಿಸಿದ.

ಗೇಟಣ್ಣ: ಹತ್ತೂವರೆ ನಿಮಿಷ ಅಂತ ಬರೀರಿ ಸರ್. ಪ್ರಗತಿ ತೋರಿಸ್ಬೇಕಲ್ಲ.