ವಾರಕ್ಕೊಂದು ನಿಮಿಷದ ಕಾರು

ನಮ್ಮ ದೊಡ್ಡಪ್ಪನಷ್ಟು ತಾಳ್ಮೆಯಿಂದ ಅಂಗಡಿಯ ಮುಂದೆ ಕಾದು ನಿಂತ ಗಿರಾಕಿ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ ಎಂದು ನಾನು ಯಾವ ವೇದಿಕೆಯಲ್ಲಿ ಬೇಕಾದರೂ ವಾದಿಸಬಲ್ಲೆ. ಸಣ್ಣದೊಂದು ತೊಡಕೆಂದರೆ, ಆ ಅಂಗಡಿ ಮುಚ್ಚಿ ನನ್ನ ವಯಸ್ಸಿಗಿಂತ ಹೆಚ್ಚು ವರ್ಷಗಳಾಗಿವೆ. ಇನ್ನೊಂದು ತೊಡಕೆಂದರೆ, ಅದು ಇರುವುದು ಇಂಗ್ಲೆಂಡಿನಲ್ಲಿ. ದೊಡ್ಡಪ್ಪ ಇರುವುದು ಬಂಗಾರಪೇಟೆಯಿಂದ ಮೂರು ಮೈಲಿ ಆಚೆ, ಎಮ್ಮೆ ಕೊಟ್ಟಿಗೆಯಲ್ಲಿ.

ಕೊಟ್ಟಿಗೆಯಲ್ಲಿ ಎಂದದ್ದು ಮಾತಿನ ಅಲಂಕಾರಕ್ಕಲ್ಲ. ಅಲ್ಲಿ ನಾಲ್ಕು ಎಮ್ಮೆ, ಎರಡು ಸೀಮೆಹಸು ಮತ್ತು ಒಂದು ಕಾರಿದೆ. ಕಾರು ಇಂಗ್ಲೆಂಡಿನದು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಮೂತಿ ಮೊಸಳೆಯಷ್ಟು ಉದ್ದ. ಅದು ಎಷ್ಟು ಕುಳ್ಳಗಿದೆಯೆಂದರೆ ಅದಕ್ಕೆ ಹತ್ತುವಂತಿಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕು. ಮತ್ತೆ ಮೇಲೆ ಬರಲು ಯಾರಾದರೂ ಕೈ ಕೊಡಬೇಕು. ಬಣ್ಣ ಕಡುಹಸಿರು. ಎಮ್ಮೆಗಳು ಮೊದಲು ಮೇವೆಂದುಕೊಂಡು ಒಂದು ಸಲ ನೆಕ್ಕಿ ನೋಡಿದವಂತೆ, ಆಮೇಲೆ ಆ ಆಸೆ ಬಿಟ್ಟವಂತೆ. ಆಸೆ ಬಿಡುವ ವಿಷಯದಲ್ಲಿ ಅವು ದೊಡ್ಡಪ್ಪನಿಗಿಂತ ಎಷ್ಟೋ ವಾಸಿ! ದೊಡ್ಡಮ್ಮನ ಲೆಕ್ಕದಲ್ಲಿ ಆ ಕೊಟ್ಟಿಗೆಯಲ್ಲಿ ಹಾಲೂ ಕೊಡದ, ಸಗಣಿಯನ್ನೂ ಹಾಕದ ಪ್ರಾಣಿ ಅದೊಂದೇ.

ಅದು ಅಲ್ಲಿಗೆ ಬಂದದ್ದು ನಮ್ಮ ತಾತನ ಕಾಲದಲ್ಲಿ. ತಾತ ಕೆ.ಜಿ.ಎಫ್.ನ ನಂದಿದುರ್ಗ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಊರು ಬಿಟ್ಟು ಹೊರಟ ಗಣಿಯ ಬಿಳಿ ದೊರೆಯೊಬ್ಬ, ಕಾರನ್ನು ಹಡಗಿಗೇರಿಸುವ ಗೋಜು ಬೇಡವೆಂದು, ಅಷ್ಟು ವರ್ಷ ಅದನ್ನು ರಿಪೇರಿ ಮಾಡಿ ಬದುಕಿಸಿದ್ದ ತಾತನ ಕೈಗೇ ಕೀಲಿ ಕೊಟ್ಟು ಹೋದ. ತಾತ ಬಹಳ ಕಾಲ ಅದನ್ನು ಓಡಿಸಿದರು. ಕೊನೆಗೊಂದು ದಿನ ಅದರ ನೀರಿನ ಪಂಪು ಕೆಟ್ಟಿತು. ಎಂಜಿನ್ನಿನ ಸುತ್ತ ನೀರು ಹರಿಸಿ ತಣ್ಣಗಿಡುವ ಪಂಪು. ಅದಿಲ್ಲದೆ ಎಂಜಿನ್ ಒಂದು ನಿಮಿಷದ ಮೇಲೆ ಓಡಿದರೆ ಕಾದು ಕೆಂಡವಾಗಿ, ತಿರುಗದ ಹಾಗೆ ಹಿಡಿದುಕೊಂಡುಬಿಡುತ್ತದೆ. ತಾತ ಪಂಪು ಬಿಚ್ಚಿಟ್ಟು, ಹೊಸದಕ್ಕೆ ಕಾರಿನ ಕಂಪನಿಗೇ ಕಾಗದ ಬರೆದರು. ಕಂಪನಿ ಆಗಲೇ ಬಾಗಿಲು ಹಾಕಿತ್ತು. ಆದರೂ ಒಳಗೆ ಯಾರೋ ಒಬ್ಬ ಪುಣ್ಯಾತ್ಮ ಉಳಿದಿದ್ದನೆಂದು ಕಾಣುತ್ತದೆ, ಉತ್ತರ ಬಂತು. ಅದನ್ನು ದೊಡ್ಡಪ್ಪ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಕಾಪಾಡಿದ್ದಾರೆ. ಇಂಗ್ಲಿಷಿನ ಎರಡೇ ಸಾಲು: 'ನಿಮ್ಮ ಆರ್ಡರನ್ನು ಗಮನಿಸಲಾಗಿದೆ. ಉತ್ಪಾದನೆ ಮತ್ತೆ ಆರಂಭವಾದ ಕೂಡಲೇ ಕಳುಹಿಸುತ್ತೇವೆ, ಅಲ್ಲಿಯವರೆಗೆ ದಯವಿಟ್ಟು ತಾಳ್ಮೆಯಿಂದಿರಿ.'

ದಯವಿಟ್ಟು ತಾಳ್ಮೆಯಿಂದಿರಿ! ಇಂಥ ಮಾತನ್ನು ನಮ್ಮ ವಂಶದವರಿಗೆ ಹೇಳಬಹುದೆ? ತಾತ ತಾಳ್ಮೆಯಿಂದಿದ್ದು ತೀರಿಕೊಂಡರು. ದೊಡ್ಡಪ್ಪ ಮುಂದುವರಿಸಿದರು.

ತಾತ ಬಿಟ್ಟುಹೋದದ್ದು ಕಾಗದವನ್ನಷ್ಟೇ ಅಲ್ಲ, ಬಿಲ್ಲೆಯನ್ನೂ. ಗಣಿಯ ವರ್ಕ್‌ಶಾಪಿನಲ್ಲಿ ಪ್ರತಿ ಫಿಟ್ಟರನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತಂತೆ. ಯಾವುದಾದರೂ ಯಂತ್ರದ ಕೆಲಸ ಹಿಡಿದವನು ತನ್ನ ಬಿಲ್ಲೆಯನ್ನು ಅದಕ್ಕೆ ಕಟ್ಟುತ್ತಿದ್ದ. ಕಟ್ಟಿದ ಮೇಲೆ ಆ ಕೆಲಸ ಅವನದು. ಬೇರೆ ಯಾರೂ ಅದಕ್ಕೆ ಸ್ಪ್ಯಾನರ್ ಹಚ್ಚುವ ಹಾಗಿಲ್ಲ. ಪಂಪು ಬಿಚ್ಚಿದ ದಿನ ತಾತ ತಮ್ಮ ಬಿಲ್ಲೆಯನ್ನು ತಂತಿಯಲ್ಲಿ ಪೋಣಿಸಿ ಆ ಎಂಜಿನ್ನಿಗೆ ಕಟ್ಟಿದರು. ಅದು ಇವತ್ತಿಗೂ ಅಲ್ಲೇ ನೇತಾಡುತ್ತಿದೆ.

ಹೀಗಾಗಿ ಈ ಕಾರು, ನಿಂತಲ್ಲೇ ತುಕ್ಕು ಹಿಡಿಯದಿರಲೆಂದು, ವಾರಕ್ಕೆ ಒಂದೇ ನಿಮಿಷ ಬದುಕುತ್ತದೆ. ಭಾನುವಾರ ಬೆಳಿಗ್ಗೆ ಹಾಲು ಡೈರಿಗೆ ಹೋದ ಮೇಲೆ ದೊಡ್ಡಪ್ಪ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಕಾರಿಗೆ ಜೋಡಿಸುತ್ತಾರೆ. ಅಭಿಮಾನಿಗಳ ಸಂಘ ಸೇರುತ್ತದೆ. ಸಂಘದಲ್ಲಿ ಮೂವರು ಸದಸ್ಯರು. ದೊಡ್ಡಪ್ಪ ಒಬ್ಬರು. ಗಣಿಯಲ್ಲಿ ಆಳುಗಳನ್ನು ಇಳಿಸಿ ಏರಿಸುವ ಯಂತ್ರ ನಡೆಸುತ್ತಿದ್ದ ಊರಿಗಾಂನ ಸೆಲ್ವಣ್ಣ ಇನ್ನೊಬ್ಬರು. ಮೂರನೆಯವರು ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಕೆಲಸಕ್ಕಿರುವ, ಧಾರವಾಡ ಕಡೆಯ ಪಾಟೀಲರು. ದೊಡ್ಡಪ್ಪ ಕೀಲಿ ತಿರುಗಿಸುತ್ತಾರೆ. ಎಂಜಿನ್ ಕೆಮ್ಮಿ, ಸೀನಿ, ಗುಡುಗುತ್ತದೆ. ಕೂಡಲೇ ಮೂವರೂ ಗಟ್ಟಿಯಾಗಿ ಎಣಿಸತೊಡಗುತ್ತಾರೆ. ಸೆಲ್ವಣ್ಣ ತಮಿಳಿನಲ್ಲಿ, ಪಾಟೀಲರು ಧಾರವಾಡದಲ್ಲಿ, ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು. ಅರವತ್ತಕ್ಕೆ ಸರಿಯಾಗಿ ದೊಡ್ಡಪ್ಪ ಕೀಲಿ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ದೊಡ್ಡಮ್ಮನ ಕಾಫಿ, ಮತ್ತು ಆ ವಾರದ ಸುದ್ದಿ.

ಸುದ್ದಿ ಯಾವಾಗಲೂ ಒಂದೇ: ಕಂಪನಿ ಮತ್ತೆ ಶುರುವಾಗುತ್ತದೆ.

ನಾನು ಹುಟ್ಟಿದ ಮೇಲೆಯೇ ಆ ಕಂಪನಿ ಎಷ್ಟೋ ಸಲ ಶುರುವಾಗಲಿದ್ದು ಆಗದೆ ಹೋಗಿದೆ. ಯಾರೋ ಸಾಹುಕಾರ ಹೆಸರನ್ನು ಕೊಂಡ ಎಂಬ ಸುದ್ದಿ ಬರುತ್ತದೆ. ಹೊಸ ಕಾರಿನ ಚಿತ್ರ ಬರುತ್ತದೆ, ಅದೂ ಅರ್ಧ ಕತ್ತಲಲ್ಲಿ ತೆಗೆದದ್ದು. ಆಮೇಲೆ ಏನೂ ಬರುವುದಿಲ್ಲ. ಮತ್ತೊಬ್ಬ ಸಾಹುಕಾರ ಕೊಳ್ಳುತ್ತಾನೆ. ಪ್ರತಿ ಸಲವೂ ಸೆಲ್ವಣ್ಣ, "ವರುಂ ಗೌಡ್ರೆ, ಕಂಡಿಪ್ಪಾ ವರುಂ. ಬಂದೇ ಬತ್ತದೆ," ಎನ್ನುತ್ತಾರೆ. ಪ್ರತಿ ಸಲವೂ ದೊಡ್ಡಪ್ಪ ಕೊಟ್ಟಿಗೆ ತೊಳೆಸುತ್ತಾರೆ.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಕೆ.ಜಿ.ಎಫ್.ಗೆ ಹೋಗಿ ಕಾನೂನು ಓದುತ್ತೇನೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಇಡಲು ಮನೆಯಲ್ಲಿ ಜಾಗವಿಲ್ಲದೆ ಅಮ್ಮ ಒಂದರಲ್ಲಿ ಸಾಸಿವೆ ತುಂಬಿಟ್ಟಿದ್ದಾಳೆ. ಇಂಥ ನಾನು ಕಳೆದ ವರ್ಷ ಆ ಸಂಘದೆದುರು ನಿಂತು, ಗಂಟೆ ಬಾರಿಸುವವರಿಲ್ಲದ ಧೈರ್ಯದಲ್ಲಿ ಹತ್ತು ನಿಮಿಷ ಮಾತಾಡಿದೆ. ಹೆಸರು ಕೊಂಡವರು ಹಳೆಯ ಕಂಪನಿಯಾಗುವುದಿಲ್ಲ ಎಂದೆ. ಹಳೆಯವರು ಕೊಟ್ಟ ಮಾತಿಗೆ ಹೊಸಬರು ಹೊಣೆಯಲ್ಲ ಎಂದೆ. ಅಷ್ಟಕ್ಕೂ ಈಗ ಬರುವುದು ಬ್ಯಾಟರಿ ಕಾರು, ಅದಕ್ಕೆ ನಿಮ್ಮ ಪಂಪೇ ಬೇಕಿಲ್ಲ ಎಂದು ಮುಗಿಸಿ, ಚಪ್ಪಾಳೆಗೆ ಕಾದೆ.

"ಬ್ಯಾಟರಿನೂ ಕಾಯತೈತ್ರೀ ಅಕ್ಕಾರ. ಅದಕ್ಕೂ ನೀರಿನ ಪಂಪು ಇರತೈತಿ," ಎಂದರು ಪಾಟೀಲರು, ಬಹಳ ವಿನಯದಿಂದ.

ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು. "ಅಲ್ಲ ಕಣಮ್ಮಿ, ಆ ಕಂಪ್ನಿ ಸತ್ತೋಗದೆ ಅಂತೀಯ. ಸತ್ತೋಗಿರೋ ಎಮ್ಮೇನ ಯಾರಾದ್ರೂ ನಾಕ್ ಸಲ ಕೊಂಡ್ಕೊಂತಾರಾ?"

ಜಿಲ್ಲೆಯ ತೀರ್ಪುಗಾರರನ್ನೆಲ್ಲ ಕಂಡವಳು ನಾನು. ಈ ಪ್ರಶ್ನೆ ಕೇಳಿ, ಖಾಲಿಯಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ವಾದದಲ್ಲಿ ಸೋತವರು ಸಾಕ್ಷ್ಯ ತರಬೇಕು. ತಾತ ಬಿಚ್ಚಿಟ್ಟಿದ್ದ ಹಳೆಯ ಪಂಪು ಎಣ್ಣೆಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿತ್ತು. ನಾನು ದೊಡ್ಡಮ್ಮನನ್ನು ಒಳಗೆ ಹಾಕಿಕೊಂಡು ಅದನ್ನು ನಾಲ್ಕು ದಿನದ ಮಟ್ಟಿಗೆ ಕದ್ದೆ. ಬಂಗಾರಪೇಟೆಯ ಲೇತ್ ಅಂಗಡಿಯವರು ಅದನ್ನು ಎಲ್ಲ ಕಡೆಯಿಂದ ಅಳೆದು, ಅಚ್ಚು ಅಂಥದ್ದೇ ಹೊಸದೊಂದನ್ನು ಮಾಡಿಕೊಟ್ಟರು. ತಂದು ದೊಡ್ಡಪ್ಪನ ಕೈಗಿಟ್ಟೆ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿದರು. ಮುಖ ಅರಳಿತು.

"ಬಾಳ ಚೆನ್ನಾಗದೆ. ಜೀವ ಐತೆ ಇದ್ರಾಗೆ," ಎಂದರು. ಎದ್ದು ಹೋಗಿ ಅದನ್ನು ದೇವರ ಗೂಡಿನ ಪಕ್ಕ ಇಟ್ಟು ಬಂದರು.

"ಹಾಕಲ್ವಾ ದೊಡ್ಡಪ್ಪ?"

"ಎಂಗಮ್ಮಿ ಆಕಾದು? ಆರ್ಡ್ರು ಕೊಟ್ಟಿರಾದು ಅಲ್ಲಿ. ಬಿಲ್ಲೆ ಕಟ್ಟಿರಾದು ನಮ್ಮಪ್ಪಂದು. ನಾನು ಎಮ್ಮೆ ಕಟ್ಟೋನು, ನನ್ ಕೈ ಅದ್ರಾಗೆ ಓಗಬಾರ್ದು."

ಪಂಪು ದೇವರ ಪಕ್ಕ ಕುಳಿತು ಕುಂಕುಮವನ್ನೂ ಹಚ್ಚಿಸಿಕೊಳ್ಳತೊಡಗಿತು.

ಈ ವರ್ಷ ಮತ್ತೆ ಸುದ್ದಿ ಬಂತು. ಈ ಸಲ ಚಿತ್ರವನ್ನು ಹಗಲಿನಲ್ಲೇ ತೆಗೆದಿದ್ದರು. ಕಾರಿಗೆ ನಾಲ್ಕು ಚಕ್ರ ಇರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಸಂಘದ ಇತಿಹಾಸದಲ್ಲಿ ಇದು ದೊಡ್ಡ ಪ್ರಗತಿ. ಅವರ ವೆಬ್‌ಸೈಟಿನಲ್ಲಿ ಪತ್ರ ಬರೆಯಲು ವಿಳಾಸವೂ ಇತ್ತು. ಆ ಭಾನುವಾರ ಎಣಿಕೆ ಮುಗಿದ ಮೇಲೆ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದರು. ನಮ್ಮ ಆರ್ಡರ್ ವಿಷಯ ಅವರಿಗೊಂದು ನೆನಪು ಮಾಡಿ ಬರೆ ಎಂದರು. ಸರಿ, ಯಾರ ಹೆಸರಿನಲ್ಲಿ ಬರೆಯಲಿ ಎಂದು ಕೇಳಿದೆ. ತಾತನ ಹೆಸರು ಎನ್ನುತ್ತಾರೆ, ಇಲ್ಲದಿದ್ದರೆ ತಮ್ಮ ಹೆಸರು ಎನ್ನುತ್ತಾರೆ ಎಂದುಕೊಂಡಿದ್ದೆ.

"ನಿಂದೇ ಆಕು," ಎಂದರು. "ನಂಗೆ ಎಪ್ಪತ್ನಾಕಾಯ್ತು. ಕ್ಯೂನಾಗೆ ಯಾರಾದ್ರೂ ನಿಂತಿರ್ಬೇಕಲ್ಲಮ್ಮಿ."

ಚರ್ಚಾಸ್ಪರ್ಧೆಯಲ್ಲಿ ಒಂದು ನಿಯಮವಿದೆ. ಪರವೋ ವಿರೋಧವೋ ಎಂಬುದು ನಿಮ್ಮ ಇಷ್ಟವಲ್ಲ, ಚೀಟಿ ಎತ್ತಿದಂತೆ. ನಂಬದ ಪಕ್ಷ ಬಂದರೂ ಅದನ್ನು ನಂಬಿದವರಂತೆ ಗೆಲ್ಲಿಸಬೇಕು. ನನಗೆ ಆ ದಿನ ಬಂದದ್ದು ಪರದ ಚೀಟಿ. ಕಾಲೇಜಿನ ಕಂಪ್ಯೂಟರಿನ ಮುಂದೆ ಕುಳಿತು, ಸೋತುಹೋಗಿದ್ದ ನನ್ನ ಹಳೆಯ ವಾದಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ಬರೆದೆ. ಹೆಸರನ್ನು ಕೊಂಡವರು ಆ ಹೆಸರಿನಲ್ಲಿ ಕೊಟ್ಟ ಮಾತನ್ನೂ ಕೊಂಡಿರುತ್ತಾರೆ ಎಂದೆ. ಹೆಸರಿಗೆ ಬೆಲೆ ಬಂದದ್ದೇ ಮಾತು ನಂಬಿ ಕಾದವರಿಂದ ಎಂದೆ. ಒಂದು ಎಂಜಿನ್ನನ್ನು ತುಕ್ಕು ಹಿಡಿಯದ ಹಾಗೆ ವಾರಕ್ಕೊಂದು ನಿಮಿಷ ಎಣಿಸಿ ಓಡಿಸಿ ಇಟ್ಟವರು ನಿಮಗೆ ಇನ್ನೆಲ್ಲಿ ಸಿಕ್ಕಾರು ಎಂದೂ ಕೇಳಿದೆ. ಮುಗಿಸಿ ಓದಿದರೆ ಎಲ್ಲಿಯೂ ಒಂದು ತೂತಿಲ್ಲ. ನನ್ನ ವಾದಕ್ಕೆ ನಾನೇ ಎದುರು ಹೇಳಲಾರದೆ ಕುಳಿತೆ. ಇದು ಬಹಳ ಅವಮಾನದ ಸಂಗತಿ ಎಂದು ಓದುಗರಾದ ನಿಮಗಲ್ಲದೆ ಇನ್ಯಾರಿಗೂ ಹೇಳಿಲ್ಲ.

ಒಂಬತ್ತನೆಯ ದಿನ, ಮಾರಿಕುಪ್ಪಂ ರೈಲಿನ ಬಾಗಿಲ ಬಳಿ ನಿಂತಿದ್ದಾಗ ಉತ್ತರ ಬಂತು. ಒಬ್ಬ ಹೆಂಗಸು ಬರೆದಿದ್ದಳು. ಪತ್ರ ಓದಿ ತಮಗೆ ಬಹಳ ಸಂತೋಷವಾಯಿತು, ಹೊಸ ಕಾರಿನ ಕೆಲಸ ನಡೆದಿದೆ, ಹಳೆಯ ಕಾರುಗಳಿಗೂ ಕೆಲವು ಬಿಡಿಭಾಗ ಮಾಡುವ ಯೋಚನೆ ಇದೆ, ಆದರೆ ಯಾವಾಗ ಎಂದು ಈಗಲೇ ಹೇಳಲಾರೆವು ಎಂದಿದ್ದಳು. ಕೊನೆಯ ಎರಡು ಸಾಲು ಓದಿ ನಾನು ಬಾಗಿಲ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. 'ನಿಮ್ಮ ಆರ್ಡರನ್ನು ಗಮನಿಸಲಾಗಿದೆ. ಉತ್ಪಾದನೆ ಆರಂಭವಾದ ಕೂಡಲೇ ತಿಳಿಸುತ್ತೇವೆ, ಅಲ್ಲಿಯವರೆಗೆ ದಯವಿಟ್ಟು ತಾಳ್ಮೆಯಿಂದಿರಿ.'

ಅದನ್ನು ಕನ್ನಡ ಮಾಡಿ ಓದಿದಾಗ ದೊಡ್ಡಪ್ಪನಿಗೆ ಬೇಸರವಾದೀತೆಂದು ನಾನು ಭಾನುವಾರದವರೆಗೂ ಒದ್ದಾಡಿದ್ದೆ. ಓದಿ ಮುಗಿಸಿದ ಕೂಡಲೇ ಅವರು ಪ್ಲಾಸ್ಟಿಕ್ ಹಾಳೆಯೊಳಗಿನ ಹಳೆಯ ಕಾಗದ ತರಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೊಮ್ಮೆ ಓದಿಸಿದರು. ಆಮೇಲೆ ಸಂಘದ ಕಡೆ ತಿರುಗಿದರು.

"ಹೊಸಬರು ಬ್ಯಾರೆ, ಹಳಬರು ಬ್ಯಾರೆ ಅಂತಿದ್ಲು ಇವ್ಳು. ಕೇಳುದ್ರಾ? ಅದೇ ಮಾತು. ಅದೇ ಕಂಪ್ನಿ ಕಣ್ರಲಾ ಇದು."

ಸೆಲ್ವಣ್ಣ ಕಣ್ಣೊರೆಸಿಕೊಂಡರು. ಪಾಟೀಲರು ನನಗೆ ಕೈ ಮುಗಿದರು. ನನ್ನ ಅತ್ಯುತ್ತಮ ವಾದ ನನ್ನದೇ ಸಾಕ್ಷ್ಯದಿಂದ ಬಿದ್ದುಹೋಯಿತು.

ದೊಡ್ಡಪ್ಪ ಜೇಬಿನಿಂದ ಏನೋ ತೆಗೆದರು. ಹಿತ್ತಾಳೆಯ ಹೊಸ ಬಿಲ್ಲೆ. ನಂಬರಿನ ಜಾಗದಲ್ಲಿ ನನ್ನ ಹೆಸರು ಕೊರೆದಿತ್ತು. ಪತ್ರ ಬರೆದೆ ಎಂದು ನಾನು ಹೇಳಿದ ಮರುದಿನವೇ ಅದೇ ಲೇತ್ ಅಂಗಡಿಗೆ ಹೋಗಿ ಮಾಡಿಸಿದ್ದರಂತೆ. ಒಬ್ಬ ಫಿಟ್ಟರ್ ತನ್ನ ಕೆಲಸ ಮುಗಿಸಲಾಗದೆ ಹೋದರೆ, ಮುಂದಿನವನ ಬಿಲ್ಲೆಯನ್ನು ಅದೇ ತಂತಿಗೆ ಪೋಣಿಸಬೇಕು, ಹಳೆಯದನ್ನು ತೆಗೆಯಬಾರದು, ಅದು ಗಣಿಯ ಪದ್ಧತಿ ಎಂದು ಸೆಲ್ವಣ್ಣ ವಿವರಿಸಿದರು.

"ನನಗೆ ಸ್ಪ್ಯಾನರ್ ಹಿಡಿಯಕ್ಕೂ ಬರಲ್ಲ ದೊಡ್ಡಪ್ಪ."

"ಕಾಗ್ದ ಬರ್ದು ಆ ಊರಿಂದ ಜವಾಬು ತರ್ಸಿದೋರು ನಮ್ ಮನ್ಯಾಗೆ ಇಬ್ರೇ. ನಿಮ್ ತಾತ, ನೀನು. ಕಟ್ಟು. ಇನ್ ಮ್ಯಾಕೆ ಕೆಲ್ಸ ನಿಂದು, ನೀನ್ ಏಳ್ದಂಗೆ."

ಕಟ್ಟಿದೆ. ಎರಡು ಬಿಲ್ಲೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಯಿತು. ಕೆಲಸ ನನ್ನದೆಂದ ಮೇಲೆ ನಾನು ಒಂದೇ ಮಾತು ಹೇಳಿದೆ: ಕಂಪನಿಯ ಪಂಪು ಬರುತ್ತದೆ, ಬಂದ ದಿನ ಅದನ್ನೇ ಹಾಕೋಣ, ಬರುವ ತನಕ ದೇವರ ಪಕ್ಕದ್ದು ಕೆಲಸ ಮಾಡಲಿ. 'ಬರುತ್ತದೆ' ಎಂದವಳು ನಾನೇ, ಗಮನಿಸಿ. ದೊಡ್ಡಪ್ಪ ಎರಡೂ ಬಿಲ್ಲೆಗಳನ್ನು ಬೆರಳಿನಿಂದ ಒರೆಸಿದರು. ಆಮೇಲೆ, "ನಿನ್ ಬಿಲ್ಲೆ," ಎಂದಷ್ಟೇ ಹೇಳಿದರು.

ಪಾಟೀಲರು ಹೇಳಿಕೊಟ್ಟಂತೆ ನಾನೇ ಬೋಲ್ಟು ಬಿಗಿದೆ. ಎರಡು ಗಂಟೆ ಹಿಡಿಯಿತು, ಒಂದು ಉಗುರು ಹೋಯಿತು. ದೊಡ್ಡಮ್ಮ ಪಂಪಿನ ಕುಂಕುಮ ಒರೆಸಲು ಬಿಡಲಿಲ್ಲ. ನೀರು ತುಂಬಿದೆವು. ದೊಡ್ಡಪ್ಪ ಬಾವಿಗಿಳಿದ ಹಾಗೆ ಕಾರಿಗಿಳಿದು ನನ್ನನ್ನು ಪಕ್ಕದ ಸೀಟಿಗೆ ಕರೆದರು. ಕೀಲಿ ತಿರುಗಿಸಿ ಕಣ್ಣು ಮುಚ್ಚಿದರು. ಎಂಜಿನ್ ಗುಡುಗಿತು. ಎಣಿಕೆ ಶುರುವಾಯಿತು, ಈ ಸಲ ದೊಡ್ಡಮ್ಮನೂ ಸೇರಿ.

ಐವತ್ತು. ಐವತ್ತೈದು. ಅರವತ್ತು ಎಂದಾಗ ಅಷ್ಟು ವರ್ಷದ ಅಭ್ಯಾಸಕ್ಕೆ ಅವರ ಕೈ ತಾನಾಗಿ ಕೀಲಿಯ ಮೇಲೆ ಹೋಯಿತು. ಎಲ್ಲರೂ ಎಣಿಸುವುದನ್ನು ನಿಲ್ಲಿಸಿದ್ದರು. ಅರವತ್ತರ ಮುಂದೆ ಆ ಕೊಟ್ಟಿಗೆಯಲ್ಲಿ ಯಾರೂ ಹೋಗಿರಲಿಲ್ಲ. ನಾನು ಅವರ ಕೈಯ ಮೇಲೆ ನನ್ನ ಕೈ ಇಟ್ಟೆ. ದೊಡ್ಡಪ್ಪ ಕಣ್ಣು ತೆರೆದು ನನ್ನನ್ನು ನೋಡಿದರು.

"ಅರವತ್ತೊಂದು," ಎಂದರು.